ಅವ್ವನ ರೊಟ್ಟಿ ಸಪ್ಪಳಕ್ಕೆ ಜಾಗ ಬೇಕು

ಕಲಬುರಗಿ

ದೋಸ್ತಾ,

ಫೋನಿನಲ್ಲಿ ಹೇಳಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಪೀಣ್ಯದ ಕೆಲಸದ ಆರ್ಡರ್ ಬಂದಿದೆ. ಇಲ್ಲಿ 34 ಸಾವಿರ ಬರುತ್ತದೆ, ಅಲ್ಲಿ 58 ಕೊಡುತ್ತಾರಂತೆ. ಲೆಕ್ಕ ಹಾಕಿ ನೋಡಿದೆ. ಇಲ್ಲಿ ಸ್ವಂತ ಮನೆ. ಅಲ್ಲಿ ಬಾಡಿಗೆ, ಅಡ್ವಾನ್ಸ್, ಮಗಳ ಸ್ಕೂಲ್ ಫೀ ಎಲ್ಲಾ ಕಳೆದರೆ ಕೈಯಲ್ಲಿ ಉಳಿಯುವುದು ಇಲ್ಲಿಗಿಂತ ಜಾಸ್ತಿ ಏನಿಲ್ಲ. ಮತ್ತೆ ಯಾಕೆ ಹೋಗಬೇಕು ಅಂತ ಕೇಳ್ತೀಯ ಅಲ್ವಾ?

ಹೆಂಡತಿಗಾಗಿ. ಮದುವೆಗೆ ಮುಂಚೆ ಬೆಂಗಳೂರಿನ ಲ್ಯಾಬ್ ಒಂದರಲ್ಲಿದ್ದಳು, ನಿನಗೆ ಗೊತ್ತು. ನನ್ನ ಸಲುವಾಗಿ ಬಿಟ್ಟು ಬಂದಳು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅದನ್ನು ಎತ್ತಿ ಆಡಿಲ್ಲ. ಆರ್ಡರ್ ತೋರಿಸಿದಾಗಲೂ ಸುಮ್ಮನಿದ್ದಳು. ರಾತ್ರಿ ನೋಡಿದರೆ ಟ್ರಂಕ್ ತೆಗೆದು, ತನ್ನ ಎಂಎಸ್ಸಿ ಮಾರ್ಕ್ಸ್ ಕಾರ್ಡುಗಳನ್ನು ಒಂದೊಂದೇ ಒರೆಸಿ ಹೊಸ ಫೈಲಿಗೆ ಹಾಕುತ್ತಿದ್ದಳು. ಅದನ್ನು ನೋಡಿದ ಮೇಲೆ ಬೇಡ ಅನ್ನಲು ನನಗೆ ಬಾಯಿ ಬರುತ್ತಿಲ್ಲ.

ಇನ್ನೊಂದು ಕಡೆ ಅವ್ವ.

ದೀಪಾವಳಿಗೆ ಬೆಂಗಳೂರಿಗೆ, ನಿಮ್ಮ ಮನೆಗೆ ಬಂದಿದ್ದೆವಲ್ಲ, ಆಗಿನ ಒಂದು ಮಾತು ನಿನಗೆ ಹೇಳಿಲ್ಲ. ನೀನು ಡ್ಯೂಟಿಗೆ ಹೋಗಿದ್ದೆ. ಬೆಳಗ್ಗೆ ಆರಕ್ಕೆ ಅವ್ವ ಪರಾತ ಮುಂದಿಟ್ಟುಕೊಂಡು ನೆಲದ ಮೇಲೆ ರೊಟ್ಟಿ ಬಡಿಯಲು ಕೂತಳು. ನಾಲ್ಕನೇ ರೊಟ್ಟಿಗೆ ಕೆಳಗಿನ ಮನೆಯವರು ಬಂದು, ಕೂಸಿಗೆ ನಿದ್ದೆ ಕೆಡುತ್ತದೆ ಎಂದರು. ಅವರದೇನೂ ತಪ್ಪಿಲ್ಲ. ಉಳಿದ ಹಿಟ್ಟನ್ನು ಅವ್ವ ಸಪ್ಪಳ ಮಾಡದೆ ಮೆಲ್ಲಗೆ ಒತ್ತಿ ಒತ್ತಿ ಅಗಲ ಮಾಡಿದಳು. ಅಂಚೆಲ್ಲ ಒಡೆದಿತ್ತು. ಮರುದಿನದಿಂದ ರೊಟ್ಟಿಯ ಮಾತೇ ಎತ್ತಲಿಲ್ಲ. ಊರಿಗೆ ಬರುವವರೆಗೂ ಅನ್ನ ಉಂಡಳು.

ಇಲ್ಲಿನ ಬಿಸಿಲು ನಿನಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಆದರೂ ಅವ್ವನ ಜೀವಕ್ಕೆ ಇಲ್ಲೇ ತಂಪು. ಸೋಮವಾರ ಶರಣಬಸವೇಶ್ವರ ಗುಡಿ, ಸಂಜೆಗೆ ಕಟ್ಟೆ ಮೇಲೆ ಓಣಿಯ ಹೆಣ್ಮಕ್ಕಳು. ಹೃದಯದ ತಪಾಸಣೆಗೆ ಜಯದೇವ ಆಸ್ಪತ್ರೆ ಇಲ್ಲೇ ಇದೆ. ಮುಂಚಿನ ಹಾಗೆ ಸೊಲ್ಲಾಪುರ, ಹೈದರಾಬಾದ್ ಅಂತ ಓಡಬೇಕಿಲ್ಲ. ಕೇಳಿದರೆ "ನೀವು ಹೋಗ್ರಿ, ನಾ ಇಲ್ಲೇ ಇರ್ತೀನಿ" ಅಂತಾಳೆ. ಒಬ್ಬಳನ್ನೇ ಬಿಟ್ಟು ಹೋಗುವ ಮಾತೇ ಇಲ್ಲ.

ಊರು ಬಿಟ್ಟರೆ ಮಗಳಿಗೆ 371ಜೆ, ಅಂದರೆ ನಮ್ಮ ಈ ಭಾಗದವರಿಗಿರುವ ಮೀಸಲಾತಿ, ಸಿಗಲ್ಲ ಅಂತ ಕಾಕಾ ಹೆದರಿಸಿದರು. ಹಾಗೇನಿಲ್ಲ. ಇಲ್ಲಿ ಹುಟ್ಟಿದವಳು, ಸರ್ಟಿಫಿಕೇಟ್ ಸಿಗುತ್ತದೆ. ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮವರಿಗೆ, ಹೊರಗೆ 8. ಆ ಚಿಂತೆ ಬಿಟ್ಟಿದ್ದೇನೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನಾಗಸಂದ್ರ, ಮಾದಾವರ ಕಡೆ ಒಂದು ಮನೆ ನೋಡು. ಮೆಟ್ರೊ ಇದೆ, ಸ್ವಲ್ಪ ದೂರ ಆದರೂ ನಡೆಯುತ್ತದೆ. ಕಾವೇರಿ ನೀರು ಬರುತ್ತದಾ, ಬೋರ್ ಒಂದೇನಾ, ಸರಿಯಾಗಿ ಕೇಳು. 2024ರ ಬೇಸಿಗೆಯಲ್ಲಿ ನೀವು ಟ್ಯಾಂಕರ್‌ಗೆ ಕಾದು ಕೂತಿದ್ದು ನಾನು ಮರೆತಿಲ್ಲ. ರೂಮು ಚಿಕ್ಕದಿದ್ದರೂ ಪರವಾಗಿಲ್ಲ, ನೆಲಮಹಡಿಯೇ ಆಗಬೇಕು. ಮುಂದೆ ಕೂರಲು ನಾಲ್ಕು ಅಡಿ ಜಾಗ ಇರಲಿ. ಬೆಳಗ್ಗೆ ಆರಕ್ಕೆ ಈ ಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ ಅಂತ ಓನರ್‌ಗೆ ಮೊದಲೇ ಹೇಳಿಬಿಡು.

ಸಿಕ್ಕರೆ ಅವ್ವನನ್ನು ಕರೆದುಕೊಂಡು ವಂದೇ ಭಾರತ್‌ಗೆ ಬರುತ್ತೇನೆ. ಬೆಳಗ್ಗೆ ಹತ್ತಿದರೆ ಮಧ್ಯಾಹ್ನಕ್ಕೆ ಅಲ್ಲಿರುತ್ತೇವೆ. ಅವಳೇ ಮನೆ ನೋಡಲಿ, ಅವಳೇ ಹೇಳಲಿ. ಸಿಗದಿದ್ದರೆ ಅದನ್ನೂ ಮುಚ್ಚಿಡದೆ ಹೇಳು. ತಿಂಗಳ ಕೊನೆಗೆ ನಾನು ಉತ್ತರ ಕೊಡಬೇಕು.

ನಿನ್ನ ದೋಸ್ತ