ಗೆಳೆಯನಿಗೊಂದು ಪತ್ರ: ರಿಯೋಹಾ ಬಾಟಲಿ ತೆಗೆಯೋ ಮುಂಚೆ

ಪ್ರೀತಿಯ ಗೆಳೆಯ,

ಸ್ಪೇನಿನ ರಿಯೋಹಾ ಸೀಮೆಯ ಕ್ರಿಯಾನ್ಸಾ ರೆಡ್ ವೈನ್ ತಂದಿಟ್ಟಿದ್ದೀನಿ, ಯಾವ ಊಟದ ಜೊತೆ ತೆಗೀಲಿ ಅಂತ ಕೇಳಿದ್ದೀಯ. ಊಟದ ಮಾತು ಆಮೇಲೆ, ಮೊದಲು ಬಾಟಲಿಯ ಬಿಸಿ ಇಳಿಸು. ರೆಡ್ ವೈನನ್ನ ಕೋಣೆಯ ಉಷ್ಣತೆಯಲ್ಲೇ ಕುಡೀಬೇಕು ಅನ್ನೋದು ಯುರೋಪಿನ ತಣ್ಣನೆ ಮನೆಗಳ ಮಾತು. ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಹಾಗೇ ಸುರಿದರೆ ಮದ್ಯದ ಘಾಟು ಮೂಗಿಗೆ ಹೊಡೆದು ಹಣ್ಣಿನ ವಾಸನೆ ಸತ್ತೇ ಹೋಗುತ್ತೆ. ಬೇಕಿರೋದು 16ರಿಂದ 18 ಡಿಗ್ರಿ. ಫ್ರಿಜ್ಜಿನಲ್ಲಿ ಸುಮಾರು ಒಂದು ಗಂಟೆ ಇಡು. ಅವಸರ ಇದ್ದರೆ ಐಸು, ನೀರು ಎರಡೂ ಹಾಕಿದ ಬಕೆಟ್ಟಿನಲ್ಲಿ 10–15 ನಿಮಿಷ ಸಾಕು. ಬರೀ ಐಸಾದರೆ ಬಾಟಲಿಗೆ ಪೂರ್ತಿ ತಾಗಲ್ಲ, ತಡವಾಗುತ್ತೆ. ತೀರಾ ತಣ್ಣಗಾದರೆ ಮಾತ್ರ ಒಗರೊಂದೇ ಎದ್ದು ನಿಲ್ಲುತ್ತೆ.

ಕ್ರಿಯಾನ್ಸಾ ಅಂದರೆ ಕನಿಷ್ಠ ಎರಡು ವರ್ಷ ಮಾಗಿದ್ದು, ಅದರಲ್ಲಿ ಒಂದು ವರ್ಷ 225 ಲೀಟರಿನ ಓಕ್ ಪೀಪಾಯಿಯಲ್ಲಿ. ರೆಸೆರ್ವಾ ಮೂರು ವರ್ಷದ್ದು, ಗ್ರಾನ್ ರೆಸೆರ್ವಾ ಐದು. ದುಬಾರಿ ಬಾಟಲಿಯೇ ಊಟಕ್ಕೆ ಚೆನ್ನ ಅಂದುಕೋಬೇಡ. ಹಳೇ ಗ್ರಾನ್ ರೆಸೆರ್ವಾ ತುಂಬ ನಾಜೂಕು, ಮಸಾಲೆ ಮುಂದೆ ನಿಲ್ಲಲ್ಲ. ಊಟದ ಜೊತೆಗೆ ಕ್ರಿಯಾನ್ಸಾನೇ ಸರಿ.

ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಸುರಿ. ಅಲುಗಿಸೋ ಮೊದಲೇ ಒಂದು ಸಲ ಮೂಸಿ ನೋಡು. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ ಅಂತಲೇ ಅರ್ಥ. ಎಷ್ಟು ಹೊತ್ತು ಗಾಳಿಗಿಟ್ಟರೂ ಅದು ಹೋಗಲ್ಲ, ಅಂಗಡಿಗೆ ವಾಪಸ್ ಕೊಡು. ವಾಸನೆ ಸರಿಯಿದ್ದರೆ ಗ್ಲಾಸು ತಿರುಗಿಸು. ಚೆರ್ರಿ, ಪ್ಲಮ್ ಬರೋದು ಟೆಂಪ್ರನೀಯೊ ದ್ರಾಕ್ಷಿಯಿಂದ. ವೆನಿಲ್ಲಾ, ಕೊಬ್ಬರಿಯ ಘಮ ಅಮೆರಿಕನ್ ಓಕ್‌ನದು, ಹಳೇ ರಿಯೋಹಾ ಪದ್ಧತಿಯ ಗುರುತೇ ಅದು. ಆಮೇಲೆ ಒಂದು ಗುಟುಕು ಬಾಯೆಲ್ಲ ಆಡಿಸು. ಹುಳಿಗೆ ಕೆನ್ನೆಯ ಒಳಗೆ ನೀರೂರುತ್ತೆ, ಒಗರು ಗೇರುಹಣ್ಣು ಕಚ್ಚಿದ ಹಾಗೆ ಒಸಡು ಹಿಡಿಯುತ್ತೆ.

ಊಟ ಆರಿಸುವಾಗ ಲೆಕ್ಕಕ್ಕೆ ಬರೋದು ಈ ಒಗರೇ. ಅದನ್ನ ಕೊಡೋ ಟ್ಯಾನಿನ್ ಅನ್ನೋ ಅಂಶ ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತೆ. ಜೊತೆಗೆ ಕೊಬ್ಬಿರೋ ಮಾಂಸ, ಉಪ್ಪು ಇದ್ದರೆ ಅದು ಮೆತ್ತಗಾಗುತ್ತೆ. ರಿಯೋಹಾದವರು ದ್ರಾಕ್ಷಿ ಬಳ್ಳಿ ಸವರಿದಾಗ ಸಿಗೋ ಒಣ ಕಡ್ಡಿಗಳನ್ನ ಉರಿಸಿ, ಜ್ವಾಲೆ ಇಳಿದ ಮೇಲೆ ಆ ಕೆಂಡದ ಮೇಲೆ ಎಳೇ ಕುರಿಯ ಸಣ್ಣ ಚಾಪ್ಸ್ ಸುಡುತ್ತಾರೆ. ಮಸಾಲೆ ಇಲ್ಲ, ಕಲ್ಲುಪ್ಪು ಅಷ್ಟೇ. ಒಂದೊಂದು ಮಗ್ಗುಲಿಗೆ ಎರಡು ಮೂರು ನಿಮಿಷ. ಈ ವೈನಿಗೆ ಇದಕ್ಕಿಂತ ಒಳ್ಳೇ ಜೋಡಿ ಇಲ್ಲ.

ಇನ್ನೊಂದು ಅವರ ಆಲೂಗಡ್ಡೆ, ಚೊರಿಸೊ ಸಾಸೇಜಿನ ಗೊಜ್ಜು. ಆಲೂಗಡ್ಡೆಯನ್ನ ಪೂರ್ತಿ ಹೆಚ್ಚಲ್ಲ, ಚಾಕುವನ್ನ ಅರ್ಧಕ್ಕೆ ಇಳಿಸಿ ಚಟಕ್ಕನೆ ಮುರೀತಾರೆ. ಒರಟಾದ ಮೈಯಿಂದ ಗಂಜಿ ಬಿಟ್ಟುಕೊಂಡು ರಸ ತಾನಾಗಿ ಗಟ್ಟಿಯಾಗುತ್ತೆ. ನುಣ್ಣಗೆ ಹೆಚ್ಚಿದರೆ ಬರೀ ನೀರು ನೀರು. ಅದರ ಕೆಂಪು ಬಣ್ಣ ಒಣಗಿಸಿದ ಮೆಣಸಿನಕಾಯಿಯದು, ಆದರೆ ಖಾರ ಕಮ್ಮಿ.

ನಮ್ಮಲ್ಲಿ ಎಡವೋದು ಅಲ್ಲೇ. ಖಾರದ ಉರಿಯನ್ನ ಮದ್ಯ ಇನ್ನೂ ಹೆಚ್ಚಿಸುತ್ತೆ, ಒಗರೂ ಒರಟಾಗುತ್ತೆ. ಹಾಗಾಗಿ ಹಸಿಮೆಣಸಿನಕಾಯಿ ಅರೆದ ಚಾಪ್ಸ್ ಬೇಡ. ಕಾಳುಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ತವಾ ಮೇಲೆ ಹುರಿ. ಮಾಂಸ ತಿನ್ನದವರು ಬಂದರೆ ತುಪ್ಪದಲ್ಲಿ ಬಾಡಿಸಿದ ಅಣಬೆಯನ್ನೂ, ಇಡಿಯಸಾಬಾಲ್ ಥರದ ಹೊಗೆ ಹಿಡಿದ ಕುರಿಹಾಲಿನ ಚೀಸನ್ನೂ ಇಡು.

ಕ್ರಿಯಾನ್ಸಾವನ್ನ ಅರ್ಧ ಗಂಟೆ ಮುಂಚೆ ಜಗ್ಗಿಗೆ ಸುರಿದಿಡು. ಆದರೆ ಮುಂದೆಂದಾದರೂ ಹಳೇ ಗ್ರಾನ್ ರೆಸೆರ್ವಾ ತಂದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡು, ಬಡಿಸೋ ಹೊತ್ತಿಗೆ ನಿಧಾನವಾಗಿ ಬಗ್ಗಿಸು. ತಳದ ಗಷ್ಟು ಕುತ್ತಿಗೆ ಹತ್ತಿರ ಬಂದ ತಕ್ಷಣ ನಿಲ್ಲಿಸು. ಉಳಿದ ವೈನಿಗೆ ಕಾರ್ಕ್ ಒತ್ತಿ ಫ್ರಿಜ್ಜಿನಲ್ಲಿಡು, ಎರಡು ಮೂರು ದಿನದೊಳಗೆ ಮುಗಿಸು.

ನಿನ್ನ,
ಗೆಳೆಯ