ಆಟಗಾರ ಹೊರಟರೆ ಕೋಚ್ ಪಾಲು ಎಷ್ಟು? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಚ್ಚಿನ ಫುಟ್‌ಬಾಲ್ ಕ್ಲಬ್ಬಿನ ಒಳ್ಳೆಯ ಆಟಗಾರರನ್ನೆಲ್ಲ ಅದರ ಕೋಚ್ ಒಬ್ಬೊಬ್ಬರಾಗಿ ಓಡಿಸಿಬಿಟ್ಟ ಅಂತ ನೀನು ಬರೆದಿದ್ದೀಯ. ನಿನ್ನೆದುರು ವಾದಕ್ಕೆ ನಿಂತವರು, ಕೊಳ್ಳುವುದು ಮಾರುವುದೆಲ್ಲ ಆಡಳಿತದವರ ಕೆಲಸ, ಕೋಚ್ ತಲೆ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ ಅಂತ ಕೇಳುತ್ತಿದ್ದಾರೆ. ಈ ಜಗಳ ಮುಗಿಯದೇ ಇರುವುದು ಯಾಕೆಂದರೆ, ಎರಡೂ ಕಡೆಯವರು ಒಂದೇ ಉತ್ತರವನ್ನು ಎಲ್ಲ ಆಟಗಾರರಿಗೂ ಅಂಟಿಸುತ್ತಿದ್ದೀರಿ. ಕೋಚ್ ಕೈಯಲ್ಲಿ ನಿಜವಾಗಿ ಇರುವುದು ಆಡುವ ನಿಮಿಷಗಳು. ಅದನ್ನು ಯಾವ ತಿಂಗಳಲ್ಲಿ ಕೊಟ್ಟ, ಯಾವ ತಿಂಗಳಲ್ಲಿ ಕಿತ್ತುಕೊಂಡ ಅನ್ನುವುದನ್ನು ಕರಾರಿನ ತಾರೀಖುಗಳ ಪಕ್ಕದಲ್ಲಿಟ್ಟು ನೋಡು. ಆಟಗಾರ ಹೊರಟದ್ದರಲ್ಲಿ ಅವನ ಪಾಲು ಎಷ್ಟು ಅಂತ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಅವನ ಹುದ್ದೆಯ ಹೆಸರು ನೋಡು. ಮ್ಯಾನೇಜರೋ, ಹೆಡ್ ಕೋಚೋ? ಅಲೆಕ್ಸ್ ಫರ್ಗುಸನ್ ಕಾಲದ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಮ್ಯಾನೇಜರ್ ಅಂದರೆ ಕ್ಲಬ್ಬಿನ ಪೂರ್ತಿ ಫುಟ್‌ಬಾಲ್ ವ್ಯವಹಾರ. 2001ರಲ್ಲಿ ಯಾಪ್ ಸ್ಟಾಮ್, 2003ರಲ್ಲಿ ಬೆಕ್‌ಹ್ಯಾಮ್, 2006ರಲ್ಲಿ ವಾನ್ ನಿಸ್ಟಲ್‌ರಾಯ್ ಹೋದಾಗ ಯಾರು ಕಳಿಸಿದರು ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸ್ಟಾಮ್‌ನನ್ನು ಮಾರಿದ್ದು ತಪ್ಪಾಯಿತು ಅಂತ ಫರ್ಗುಸನ್ ಆಮೇಲೆ ತಾವೇ ಒಪ್ಪಿಕೊಂಡರು. ಈಗ ಬಹುತೇಕ ದೊಡ್ಡ ಕ್ಲಬ್‌ಗಳಲ್ಲಿ ಕೊಳ್ಳುವ ಮಾರುವ ವ್ಯವಹಾರ ನೋಡುವ ಸ್ಪೋರ್ಟಿಂಗ್ ಡೈರೆಕ್ಟರ್ ಬೇರೆ, ತಂಡವನ್ನು ಆಡಿಸುವ ಹೆಡ್ ಕೋಚ್ ಬೇರೆ. ಲಿವರ್‌ಪೂಲ್‌ನಲ್ಲಿ ಕ್ಲಾಪ್ ಮ್ಯಾನೇಜರ್ ಆಗಿದ್ದ, ಸ್ಲಾಟ್ ಬಂದದ್ದು ಹೆಡ್ ಕೋಚ್ ಆಗಿ. ಆರ್ಸೆನಲ್‌ನಲ್ಲಿ ಉಲ್ಟಾ: 2019ರ ಡಿಸೆಂಬರ್‌ನಲ್ಲಿ ಹೆಡ್ ಕೋಚ್ ಆಗಿ ಬಂದ ಆರ್ಟೆಟಾನನ್ನು 2020ರ ಸೆಪ್ಟೆಂಬರ್‌ನಲ್ಲಿ ಮ್ಯಾನೇಜರ್ ಮಾಡಿದರು. 2021ರ ಡಿಸೆಂಬರ್‌ನಲ್ಲಿ ಔಬಮೆಯಾಂಗ್‌ನ ನಾಯಕತ್ವ ಹೋಯಿತು, ಎರಡು ತಿಂಗಳೊಳಗೆ ಕರಾರೂ ರದ್ದಾಯಿತು. ಅಲ್ಲಿ ಆರ್ಟೆಟಾನ ಪಾಲು ದೊಡ್ಡದು ಅಂತ ಹೇಳಲು ನನಗೆ ಹಿಂಜರಿಕೆ ಇಲ್ಲ. ಅದೇ ಮಾತನ್ನು ಬಂದು ಒಂದು ವರ್ಷವೂ ಆಗದ ಹೆಡ್ ಕೋಚ್ ಮೇಲೆ ಹೇರಬೇಡ.

ಎರಡನೆಯದು ಕರಾರಿನ ಗಡಿಯಾರ. ಅಭಿಮಾನಿಗಳು ಇದನ್ನೇ ಮರೆಯುತ್ತಾರೆ. ಕರಾರಿನಲ್ಲಿ 24 ತಿಂಗಳು ಉಳಿದಾಗ ಕ್ಲಬ್ ಹೊಸ ಕರಾರು ಮಾಡಿಸಬೇಕು ಇಲ್ಲವೇ ಮಾರಬೇಕು. 12 ತಿಂಗಳು ಉಳಿದಾಗ ಬೆಲೆ ಬೀಳುತ್ತದೆ, ಯಾಕೆಂದರೆ ಕೊಳ್ಳುವವನಿಗೆ ಕಾಯುವ ದಾರಿ ಇದೆ. ಕೊನೆಯ 6 ತಿಂಗಳಲ್ಲಿ ಫಿಫಾ ನಿಯಮದ ಪ್ರಕಾರ ಆಟಗಾರ ಬೇರೆ ಕ್ಲಬ್ ಜೊತೆ ನೇರವಾಗಿ ಕರಾರು ಮಾಡಿಕೊಳ್ಳಬಹುದು. ಜೂನ್ 30ಕ್ಕೆ ಮುಗಿಯುವ ಕರಾರಾದರೆ ಜನವರಿ 1ರಿಂದ ಹೊರದೇಶದ ಕ್ಲಬ್‌ಗಳು ಬಾಗಿಲು ತಟ್ಟುತ್ತವೆ. 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಬೋಸ್ಮನ್ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ, ಕರಾರು ಮುಗಿದ ಆಟಗಾರನಿಗೆ ಹಳೆಯ ಕ್ಲಬ್ ಹಣ ಕೇಳುವಂತಿಲ್ಲ.

ಲಿವರ್‌ಪೂಲ್‌ನಲ್ಲಿದ್ದ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ವಿಷಯವನ್ನು ಹತ್ತಿರದಿಂದ ನೋಡೋಣ. 2024ರ ಆಗಸ್ಟ್‌ನಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ ಸ್ಲಾಟ್ ಅವನನ್ನು ಹೊರಗೆ ಕರೆದಾಗ ಅವನು ಮುಖ ಸಿಂಡರಿಸಿಕೊಂಡ ದೃಶ್ಯವನ್ನೇ ಹಿಡಿದು, ಅಲ್ಲಿಂದಲೇ ಒಡಕು ಶುರುವಾಯಿತು ಅನ್ನುವವರಿದ್ದಾರೆ. ತಾರೀಖು ಜೋಡಿಸು. ಅವನ ಕರಾರು 2021ರ ಜುಲೈನದ್ದು, ಮುಗಿಯುವುದು 2025ರ ಜೂನ್‌ಗೆ. 24 ತಿಂಗಳ ಗುರುತು ಬಿದ್ದದ್ದು 2023ರ ಬೇಸಿಗೆಯಲ್ಲಿ. ಆಗ ಸ್ಪೋರ್ಟಿಂಗ್ ಡೈರೆಕ್ಟರ್ ಕುರ್ಚಿಯಲ್ಲಿ ಯಾರಿದ್ದರು? ಮೈಕಲ್ ಎಡ್ವರ್ಡ್ಸ್ 2022ರಲ್ಲಿ ಹೋಗಿದ್ದ. ಜೂಲಿಯನ್ ವಾರ್ಡ್ 2023ರಲ್ಲಿ ಹೊರಟ. ಯೋರ್ಗ್ ಶ್ಮಾಟ್ಕೆ ಬಂದು ಕೆಲವೇ ತಿಂಗಳು ಇದ್ದು ಹೋದ. ರಿಚರ್ಡ್ ಹ್ಯೂಸ್ ಕೂತದ್ದು 2024ರ ಬೇಸಿಗೆಯಲ್ಲಿ. ಕರಾರು ಮಾತಾಡಬೇಕಾದ ಕುರ್ಚಿಯೇ ಕೈ ಬದಲಾಗುತ್ತಿತ್ತು. ಅದರ ಮೇಲೆ ಕ್ಲಾಪ್ 2024ರ ಜನವರಿಯಲ್ಲಿ ಹೊರಡುವ ಸುದ್ದಿ ಕೊಟ್ಟ. ಸ್ಲಾಟ್ ಕಾಲಿಟ್ಟಾಗ ಗಡಿಯಾರದಲ್ಲಿ ಉಳಿದಿದ್ದು 12 ತಿಂಗಳು. ಇನ್ನೊಂದು ಸಾಕ್ಷಿ ನೋಡು: ಸಲಾ, ವಾನ್ ಡೈಕ್ ಇಬ್ಬರ ಕರಾರೂ ಅದೇ ಬೇಸಿಗೆಗೆ ಮುಗಿಯುತ್ತಿತ್ತು, ಕೋಚ್ ಅದೇ ಸ್ಲಾಟ್. ಇಬ್ಬರೂ 2025ರ ಏಪ್ರಿಲ್‌ನಲ್ಲಿ ಸಹಿ ಹಾಕಿದರು. ಮೂವರಲ್ಲಿ ಇಬ್ಬರು ಉಳಿದಾಗ, ಮೂರನೆಯವನು ಕೋಚ್ ಕಾರಣಕ್ಕೇ ಹೋದ ಅನ್ನುವ ವಾದಕ್ಕೆ ಬಲವಿಲ್ಲ. ಅಕಾಡೆಮಿಯಲ್ಲಿ ಬೆಳೆದ ಹುಡುಗ ರಿಯಲ್ ಮ್ಯಾಡ್ರಿಡ್‌ಗೆ ಹೆಚ್ಚುಕಮ್ಮಿ ಬಿಟ್ಟಿಯಾಗಿ ಹೋದ. ಕ್ಲಬ್ ವಿಶ್ವಕಪ್‌ಗೆ ಮೊದಲೇ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕಿದ್ದು ಸುಮಾರು 1 ಕೋಟಿ ಯೂರೋ ಮಾತ್ರ. ಆ ನಷ್ಟದ ಬಿಲ್ಲು ಆಡಳಿತದ ಹೆಸರಿಗೆ ಹೋಗಬೇಕು.

ನಿಮಿಷಗಳ ಲೆಕ್ಕ ಹೇಗೆ ಹಾಕುವುದು ಅಂತ ನೀನು ಕೇಳಿದ್ದೆ. 20 ತಂಡಗಳ ಲೀಗ್‌ನಲ್ಲಿ 38 ಪಂದ್ಯ, ತಲಾ 90 ನಿಮಿಷ, ಒಟ್ಟು 3,420. ಒಬ್ಬ 1,000 ನಿಮಿಷ ಆಡಿದ್ದರೆ ನೂರಕ್ಕೆ 29 ಅನಿಸುತ್ತದೆ, ಕೋಚ್ ಮೂಲೆಗುಂಪು ಮಾಡಿದ ಅಂತ ಕೂಗುತ್ತೀರಿ. ಆದರೆ ಅವನು ಗಾಯದಿಂದ 12 ಪಂದ್ಯ ಹೊರಗಿದ್ದರೆ ಲಭ್ಯವಿದ್ದದ್ದು 26 ಪಂದ್ಯ, 2,340 ನಿಮಿಷ. ಪಾಲು ನೂರಕ್ಕೆ 43ಕ್ಕೆ ಏರುತ್ತದೆ. ಒಟ್ಟು ಮೊತ್ತದಲ್ಲೇ ನಿಲ್ಲಬೇಡ. ಶುರುವಿನ ಹನ್ನೊಂದರಲ್ಲಿ ಎಷ್ಟು ಸಲ, 75ನೇ ನಿಮಿಷದ ಮೇಲೆ ಎಷ್ಟು ಸಲ, ಬಲಾಢ್ಯ ತಂಡಗಳ ವಿರುದ್ಧ ಎಷ್ಟು ಸಲ ಅಂತ ಬೇರೆ ಮಾಡು. ಗೆದ್ದಾಯಿತು ಅನ್ನುವ ಪಂದ್ಯದ ಕೊನೆಯ ಕಾಲು ಗಂಟೆಗೆ ಮಾತ್ರ ಇಳಿಸುವ ಕೋಚ್, ಆಟಗಾರನಿಗೆ ಏನು ಹೇಳುತ್ತಿದ್ದಾನೆ ಅಂತ ಅವನ ಏಜೆಂಟ್‌ಗೆ ಬೇಗ ಅರ್ಥವಾಗುತ್ತದೆ. ಫಿಫಾ ನಿಯಮದಲ್ಲೇ ಒಂದು ಗೆರೆ ಇದೆ: ಹೆಸರಾದ ವೃತ್ತಿಪರ ಆಟಗಾರ ಒಂದು ಸೀಸನ್‌ನಲ್ಲಿ ತಂಡದ ಅಧಿಕೃತ ಪಂದ್ಯಗಳಲ್ಲಿ ನೂರಕ್ಕೆ 10ಕ್ಕಿಂತ ಕಡಿಮೆ ಆಡಿದ್ದರೆ, ಕೊನೆಯ ಪಂದ್ಯ ಮುಗಿದ 15 ದಿನದೊಳಗೆ ಆ ಕಾರಣಕ್ಕೇ ಕರಾರು ಮುರಿಯಬಹುದು. ಬಳಸುವವರು ವಿರಳ. ಆದರೂ ನಿಮಿಷ ಕಸಿಯುವುದಕ್ಕೆ ಕಾನೂನಿನ ತೂಕ ಇದೆ ಅನ್ನುವುದಕ್ಕೆ ಇದು ಸಾಕು.

ಕೋಚ್ ಪಾಲು ನಿಜಕ್ಕೂ ದೊಡ್ಡದಾಗಿದ್ದ ಜಾಗ ಬೇಕಾದರೆ ಮೌರಿನೋನ ಚೆಲ್ಸಿ ನೋಡು. ಡಿ ಬ್ರೌನ 2013-14ರಲ್ಲಿ ಲೀಗ್‌ನಲ್ಲಿ 3 ಪಂದ್ಯ ಆಡಿ ಜನವರಿಯಲ್ಲಿ ವುಲ್ಫ್ಸ್‌ಬರ್ಗ್‌ಗೆ ಹೋದ. ಅದೇ ಜನವರಿಯಲ್ಲಿ ಬಂದ ಸಲಾ ಮುಂದಿನ ಸೀಸನ್‌ನ ಮೊದಲರ್ಧದಲ್ಲಿ ಲೀಗ್‌ನಲ್ಲಿ ಆಡಿದ್ದೂ 3 ಪಂದ್ಯ. 2015ರ ಫೆಬ್ರವರಿಯಲ್ಲಿ ಫಿಯೊರೆಂಟಿನಾಗೆ ಲೋನ್ (ಸ್ವಲ್ಪ ಕಾಲದ ಎರವಲು), ಆಗಸ್ಟ್‌ನಲ್ಲಿ ರೋಮಾಗೆ ಲೋನ್. ಸಲಾನನ್ನು ನಾನು ಮಾರಿಲ್ಲ ಅಂತ ಮೌರಿನೋ ಹೇಳುತ್ತಾ ಬಂದಿದ್ದಾನೆ. ಕಾಗದದ ಮೇಲೆ ಅದು ಸುಳ್ಳಲ್ಲ. ಮೌರಿನೋನನ್ನು ಚೆಲ್ಸಿ ತೆಗೆದದ್ದು 2015ರ ಡಿಸೆಂಬರ್‌ನಲ್ಲಿ, ರೋಮಾ ಸಲಾನನ್ನು ಕಾಯಂ ಆಗಿ ಕೊಂಡದ್ದು 2016ರಲ್ಲಿ. ಆದರೆ ರೋಮಾಗೆ ಕೊಟ್ಟ ಲೋನ್‌ನಲ್ಲೇ ಕೊಳ್ಳುವ ಹಕ್ಕು ಇತ್ತು, ಆ ಲೋನ್ ಮೌರಿನೋ ಕಾಲದ್ದು. ಸಹಿ ಮಾಡಿದವನು ಬೇರೆ, ದಾರಿ ಮಾಡಿದವನು ಬೇರೆ. ಹಾಗಾಗಿ ಮಾರಿದ ದಿನ ಯಾರಿದ್ದರು ಅಂತ ಕೇಳಬೇಡ, ಮೊದಲ ಲೋನ್ ದಿನ ಯಾರಿದ್ದರು ಅಂತ ಕೇಳು.

ಕೋಲ್ ಪಾಮರ್ ಇದಕ್ಕಿಂತ ಕಷ್ಟದ ಲೆಕ್ಕ. ಬಿಟ್ಟುಕೊಟ್ಟದ್ದಕ್ಕೆ ಆಗಿನ ಮ್ಯಾಂಚೆಸ್ಟರ್ ಸಿಟಿ ಮ್ಯಾನೇಜರ್ ಗ್ವಾರ್ಡಿಯೊಲಾನನ್ನು ಬಯ್ಯುವವರು ಒಂದು ಸಂಗತಿ ಬಿಡುತ್ತಾರೆ: ಹುಡುಗ ಎರಡು ಸೀಸನ್‌ಗಳಿಂದ ಹೊರಡುತ್ತೇನೆ ಅನ್ನುತ್ತಿದ್ದ, ಸಹ ಆಟಗಾರ ಮಹ್ರೆಜ್ ಹೋದ ಮೇಲೆ ಉಳಿ ಅಂದರೂ ಒಪ್ಪಲಿಲ್ಲ ಅಂತ ಗ್ವಾರ್ಡಿಯೊಲಾ ಬಹಿರಂಗವಾಗಿ ಹೇಳಿದ್ದಾನೆ. ಗ್ವಾರ್ಡಿಯೊಲಾನದು ಏನೂ ತಪ್ಪಿಲ್ಲ ಅನ್ನುವವರು ಇನ್ನೊಂದನ್ನು ಬಿಡುತ್ತಾರೆ: ಆ ಎರಡು ಸೀಸನ್‌ಗಳಲ್ಲಿ ಪಾಮರ್ ಬಹುತೇಕ ಬದಲಿ ಆಟಗಾರನಾಗಿಯೇ ಇದ್ದ. 2023ರ ಆಗಸ್ಟ್‌ನಲ್ಲಿ ಕಮ್ಯುನಿಟಿ ಶೀಲ್ಡ್‌ನಲ್ಲಿ ಗೋಲು, ಸೂಪರ್ ಕಪ್‌ನಲ್ಲಿ ಗೋಲು ಹೊಡೆದ. ಅದೇ ತಿಂಗಳು ಸಿಟಿ ಡೋಕು ಅನ್ನುವ ವಿಂಗರ್‌ನನ್ನು (ಮೈದಾನದ ಅಂಚಿನಲ್ಲಿ ಮುನ್ನುಗ್ಗುವ ಆಟಗಾರ) ಕೊಂಡಿತು. ಸೆಪ್ಟೆಂಬರ್ 1ಕ್ಕೆ ಪಾಮರ್ ಚೆಲ್ಸಿಗೆ ಹೊರಟ. ಮಹ್ರೆಜ್ ಬಿಟ್ಟುಹೋದ ಜಾಗ ನಿನಗೆ ಅನ್ನುವ ಮಾತು, ಡೋಕು ಬಂದ ದಿನ ಅವನ ಕಿವಿಗೆ ಹೇಗೆ ಕೇಳಿಸಿರಬೇಕು ಯೋಚಿಸು. ಹೊರಟವನ ಜಾಗಕ್ಕೆ ಇನ್ನೊಬ್ಬ ಯಾವಾಗ ಬಂದ ಅನ್ನುವುದನ್ನು ಎಲ್ಲ ಪ್ರಕರಣದಲ್ಲೂ ಗಮನಿಸು. ಮೊದಲೇ ಬಂದಿದ್ದರೆ ಯೋಜನೆ ಇತ್ತು. ಟ್ರಾನ್ಸ್‌ಫರ್ ಕಿಟಕಿ, ಅಂದರೆ ಕೊಳ್ಳುವ ಮಾರುವ ಅವಧಿ, ಮುಚ್ಚುವ ಹಿಂದಿನ ದಿನ ಗಡಿಬಿಡಿಯಲ್ಲಿ ತಂದಿದ್ದರೆ, ಕೋಚ್‌ಗೆ ಹೊರಟವನನ್ನು ಕಳೆದುಕೊಳ್ಳುವ ಇರಾದೆ ಇರಲಿಲ್ಲ.

ಹಣದ ಪುಸ್ತಕವನ್ನೂ ತೆರೆಯಬೇಕು, ಅಲ್ಲಿ ಕೋಚ್‌ಗೆ ಪೆನ್ನೇ ಇಲ್ಲ. 5 ಕೋಟಿ ಪೌಂಡ್‌ಗೆ 5 ವರ್ಷದ ಕರಾರಿನಲ್ಲಿ ಕೊಂಡ ಆಟಗಾರನ ಬೆಲೆಯನ್ನು ವರ್ಷಕ್ಕೆ 1 ಕೋಟಿಯಂತೆ ಇಳಿಸುತ್ತಾ ಬರುತ್ತಾರೆ. ಎರಡು ವರ್ಷಕ್ಕೆ ಪುಸ್ತಕದ ಬೆಲೆ 3 ಕೋಟಿ. ಅಷ್ಟಕ್ಕೇ ಮಾರಿದರೆ ಲಾಭ ಸೊನ್ನೆ. ಅಕಾಡೆಮಿ ಹುಡುಗನ ಪುಸ್ತಕದ ಬೆಲೆ ಸೊನ್ನೆ, ಬಂದದ್ದೆಲ್ಲ ಲಾಭ. ಪ್ರೀಮಿಯರ್ ಲೀಗ್ ನಿಯಮದಲ್ಲಿ ಮೂರು ವರ್ಷಕ್ಕೆ ಗರಿಷ್ಠ 10.5 ಕೋಟಿ ಪೌಂಡ್ ನಷ್ಟ ಅಂತ ಮಿತಿ ಇದ್ದಾಗ, ಜೂನ್ 30 ಹತ್ತಿರವಾದಂತೆ ಊರಿನ ಹುಡುಗರೇ ಮೊದಲು ಹೊರಟರು. 2024ರ ಜೂನ್ ಕೊನೆಯಲ್ಲಿ ನ್ಯೂಕಾಸಲ್ ಎಲಿಯಟ್ ಆಂಡರ್ಸನ್‌ನನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಮಾರಿದ್ದು ಹೀಗೆ. ಅದರಲ್ಲಿ ಆಗಿನ ಕೋಚ್ ಎಡ್ಡಿ ಹೋವ್‌ನ ತಪ್ಪು ಹುಡುಕುವುದು ಅನ್ಯಾಯ. ಮಿತಿ ಮೀರಿದ ಎವರ್ಟನ್, ಫಾರೆಸ್ಟ್‌ಗಳ ಅಂಕ ಕತ್ತರಿಸಿದ್ದನ್ನು ಎಲ್ಲ ಕ್ಲಬ್‌ಗಳೂ ಕಣ್ಣಾರೆ ನೋಡಿದ್ದವು.

ಹಾಗಾದರೆ ಕೋಚ್‌ನನ್ನು ಎಲ್ಲಿ ಬಯ್ಯಬೇಕು? ನನ್ನ ಪ್ರಕಾರ, ಅವನು ಬೆಲೆ ಕೆಡಿಸಿದ ಕಡೆ. ಯಾರನ್ನು ಆಡಿಸಬೇಕು ಅನ್ನುವುದು ಅವನ ಹಕ್ಕು, ಅದನ್ನು ಹೇಗೆ ಹೇಳುತ್ತಾನೆ ಅನ್ನುವುದಕ್ಕೆ ಕ್ಲಬ್ ಹಣ ತೆರುತ್ತದೆ. ಸ್ಯಾಂಚೋನನ್ನು ಯುನೈಟೆಡ್ 2021ರಲ್ಲಿ 7.3 ಕೋಟಿ ಪೌಂಡ್‌ಗೆ ಕೊಂಡಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಪಂದ್ಯದ ಬಳಿಕ ಆಗಿನ ಕೋಚ್ ಟೆನ್ ಹಾಗ್, ಅಭ್ಯಾಸದಲ್ಲಿ ಅವನ ಮಟ್ಟ ಸಾಲದು ಅಂತ ಕ್ಯಾಮೆರಾ ಮುಂದೆ ಹೇಳಿದ. ಹುಡುಗ ಜಾಲತಾಣದಲ್ಲಿ ತಿರುಗಿಬಿದ್ದ. ಅಲ್ಲಿಂದ ಮೊದಲ ತಂಡದಿಂದ ದೂರ, ಜನವರಿಯಲ್ಲಿ ಡಾರ್ಟ್‌ಮಂಡ್‌ಗೆ ಲೋನ್. ಇವನು ಇಲ್ಲಿ ಬೇಡದವನು ಅಂತ ಕೊಳ್ಳುವವರಿಗೆಲ್ಲ ಗೊತ್ತಾದ ಮೇಲೆ ಯಾರು ಪೂರ್ತಿ ಬೆಲೆ ಕೊಡುತ್ತಾರೆ? 2024ರಲ್ಲಿ ಪುಸ್ತಕದ ಬೆಲೆ ಸುಮಾರು 2.9 ಕೋಟಿ ಉಳಿದಿತ್ತು. ಕೊಳ್ಳಲೇಬೇಕು ಅನ್ನುವ ಷರತ್ತಿನ ಮೇಲೆ ಲೋನ್ ತೆಗೆದುಕೊಂಡ ಚೆಲ್ಸಿ, ಒಂದು ವರ್ಷದ ನಂತರ ದಂಡ ಕಟ್ಟಿ ಅವನನ್ನು ವಾಪಸ್ ಕಳಿಸಿತು. ಟೆನ್ ಹಾಗ್ ಅದಕ್ಕೂ ಮೊದಲೇ ಕೆಲಸ ಕಳೆದುಕೊಂಡಿದ್ದ. ಶಿಸ್ತಿನ ವಿಷಯದಲ್ಲಿ ಅವನದೇ ಸರಿ ಇದ್ದಿರಬಹುದು. ಆದರೆ ಆ ಮಾತು ಡ್ರೆಸ್ಸಿಂಗ್ ರೂಮಿನ ಬಾಗಿಲು ದಾಟಬಾರದಿತ್ತು.

ಆಟಗಾರನನ್ನು ಹೊರಗೆ ತಳ್ಳುತ್ತಿದ್ದಾರೆ ಅನ್ನುವುದಕ್ಕೆ ಕೆಲವು ಗುರುತುಗಳಿವೆ: ಸೀಸನ್ ಮುಂಚಿನ ಪ್ರವಾಸಕ್ಕೆ ಕರೆದೊಯ್ಯದಿರುವುದು, ಜರ್ಸಿ ನಂಬರ್ ಬೇರೆಯವರಿಗೆ ಕೊಡುವುದು, ಅಭ್ಯಾಸದ ಹೊತ್ತು ಬೇರೆ ಮಾಡುವುದು. ಇವು ಒಟ್ಟಿಗೆ ಕಂಡರೆ ಕೋಚ್ ಒಬ್ಬನ ಕೆಲಸ ಅಲ್ಲ, ಕ್ಲಬ್ ತೀರ್ಮಾನ ಮಾಡಿಯಾಗಿದೆ. ಕೋಚ್ ಒಬ್ಬನೇ ಮಾಡಬಲ್ಲದ್ದು ಬೆಂಚಿಗೆ ಕೂರಿಸುವುದು, ಹೆಚ್ಚೆಂದರೆ ಪಂದ್ಯದ ಪಟ್ಟಿಯಿಂದ ಬಿಡುವುದು.

ಕೊನೆಗೆ, ನೀನು ಬಿಡದೆ ಕೇಳುತ್ತಿರುವ, ಯುನೈಟೆಡ್‌ನಲ್ಲಿ ವಿಂಗರ್ ಆಗಿದ್ದ ಗಾರ್ನಾಚೋ. ಆಗ ಯುನೈಟೆಡ್ ಕೋಚ್ ಆಗಿದ್ದ ಅಮೊರಿಮ್‌ನ 3-4-3ರಲ್ಲಿ (ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು) ಗೆರೆಗೆ ಅಂಟಿ ಓಡುವ ವಿಂಗರ್‌ಗೆ ಜಾಗವೇ ಇರಲಿಲ್ಲ. ಅಗಲವನ್ನು ವಿಂಗ್-ಬ್ಯಾಕ್, ಅಂದರೆ ನಡುವಿನ ನಾಲ್ವರಲ್ಲಿ ಅಂಚಿನವನು, ಕಾಯುತ್ತಾನೆ, ಮುಂದಿನ ಮೂವರಲ್ಲಿ ಪಕ್ಕದ ಇಬ್ಬರು ಒಳಗೆ ಬಂದು ಬೆನ್ನು ಗೋಲಿಗೆ ತಿರುಗಿಸಿ ಚೆಂಡು ತೆಗೆದುಕೊಳ್ಳಬೇಕು. ಅದು ಅವನ ಆಟ ಅಲ್ಲ. 2024ರ ಡಿಸೆಂಬರ್‌ನ ಮ್ಯಾಂಚೆಸ್ಟರ್ ಡರ್ಬಿಗೆ ರಾಶ್‌ಫರ್ಡ್ ಜೊತೆ ಅವನನ್ನೂ ಕೈಬಿಟ್ಟರು. 2025ರ ಮೇ 21ರ ಯುರೋಪಾ ಲೀಗ್ ಫೈನಲ್‌ನಲ್ಲಿ ಬೆಂಚು, ಕೊನೆಯ 20 ನಿಮಿಷ ಮಾತ್ರ ಆಟ. ಆಗಸ್ಟ್ ಕೊನೆಗೆ 4 ಕೋಟಿ ಪೌಂಡ್‌ಗೆ ಚೆಲ್ಸಿ. ಹದಿಹರೆಯದಲ್ಲಿ ಬಂದು ಅಲ್ಲೇ ಬೆಳೆದವನಾದ್ದರಿಂದ ಪುಸ್ತಕದಲ್ಲಿ ಹೆಚ್ಚುಕಮ್ಮಿ ಪೂರ್ತಿ ಲಾಭ. ಇಲ್ಲಿ ಕೋಚ್ ಪಾಲು ಅರ್ಧಕ್ಕಿಂತ ಹೆಚ್ಚು ಅಂತ ನಿನ್ನ ಜೊತೆ ಒಪ್ಪುತ್ತೇನೆ. ಆದರೆ ವಿಂಗರ್‌ಗಳೇ ತುಂಬಿದ್ದ ತಂಡಕ್ಕೆ ವಿಂಗರ್ ಬೇಡದ ಕೋಚ್‌ನನ್ನು, ಅದೂ ಸೀಸನ್ ನಡುವೆ ನವೆಂಬರ್‌ನಲ್ಲಿ, ಕರೆತಂದವರು ಯಾರು? ಅಮೊರಿಮ್ ತನ್ನ ಪದ್ಧತಿಯನ್ನು ಮುಚ್ಚಿಟ್ಟಿರಲಿಲ್ಲ. ಲಿಸ್ಬನ್‌ನಲ್ಲಿ ವರ್ಷಗಟ್ಟಲೆ ಅದನ್ನೇ ಆಡಿಸಿದ್ದ.

ಮುಂದಿನ ಪತ್ರದಲ್ಲಿ ನೀನು ಸಿಟ್ಟಾಗಿರುವ ಉಳಿದ ಇಬ್ಬರ ಹೆಸರು, ಕರಾರು ಮುಗಿಯುವ ತಾರೀಖು, ಹಿಂದಿನ ಎರಡು ಸೀಸನ್‌ಗಳ ನಿಮಿಷ, ಗಾಯದ ದಿನಗಳು ಬರೆದು ಕಳಿಸು. ಲೆಕ್ಕ ಹಾಕಿ ಉತ್ತರ ಬರೆಯುತ್ತೇನೆ.

ನಿನ್ನ ಗೆಳೆಯ