ಕಡಲತೀರದ ಗುರುತುಕಲ್ಲು ಮತ್ತೆ ನೆಡಿಸುವ ಬಗ್ಗೆ ನಿವಾಸಿಗಳ ಆರನೇ ಮನವಿ

ಗೆ,
ಮುಖ್ಯಾಧಿಕಾರಿಗಳು,
ಸ್ಥಳೀಯ ಆಡಳಿತ ಕಚೇರಿ

ವಿಷಯ: ಶಾಲಾ ಮಕ್ಕಳ ಕಡಲತೀರ ಅಳತೆಗೆ ಆಗುತ್ತಿರುವ ಅಡ್ಡಿ, ಕಿತ್ತುಹಾಕಿದ ಗುರುತುಕಲ್ಲು, ಮುರಿದ ಮೆಟ್ಟಿಲು ಮತ್ತು ಉತ್ತರ ಬಾರದ ಐದು ಮನವಿಗಳು.

ಮಾನ್ಯರೇ,

ವಂದನೆಗಳು. ಹಿಂದಿನ ಐದೂ ಮನವಿಗಳ ಪ್ರತಿಯ ಮೇಲೆ ನಿಮ್ಮ ಕಚೇರಿಯ ಮುದ್ರೆ ಇದೆ. ಸರಿಯಾದ ಉತ್ತರ ಮಾತ್ರ ಒಂದಕ್ಕೂ ಬಂದಿಲ್ಲ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇವೆ.

ನಮ್ಮ ಮಕ್ಕಳು ವರ್ಷಕ್ಕೆ ಎರಡು ಸಲ ಭೂಗೋಳ ಪಾಠಕ್ಕಾಗಿ ಕಡಲತೀರ ಅಳೆಯುತ್ತಾರೆ. ಇಳಿತದ ಹೊತ್ತಿಗೆ ಎರಡು ಕೋಲು, ಟೇಪು, ಕೋನ ಅಳೆಯುವ ಸಾಧನ ಹಿಡಿದು ಹೋಗುತ್ತಾರೆ. ಗುರುತುಕಲ್ಲಿನಿಂದ ಶುರುಮಾಡಿ, ಇಳಿಜಾರು ಬದಲಾದ ಕಡೆಯೆಲ್ಲ ಕೋಲು ನಿಲ್ಲಿಸಿ, ನೀರಿನ ಅಂಚಿನವರೆಗೆ ಬರೆದುಕೊಳ್ಳುತ್ತಾರೆ. ಪ್ರತಿ ಸಲವೂ ಅದೇ ಕಲ್ಲಿನಿಂದ ಹೊರಟರೆ ಮಾತ್ರ ಒಂದು ವರ್ಷದ ಅಳತೆಯನ್ನು ಇನ್ನೊಂದು ವರ್ಷದ ಪಕ್ಕ ಇಟ್ಟು ನೋಡಬಹುದು. ನಡೆದಾಡುವ ದಾರಿ ಮಾಡುವಾಗ ಆ ಕಲ್ಲನ್ನೇ ನಿಮ್ಮ ಗುತ್ತಿಗೆದಾರರು ಕಿತ್ತು ಎಸೆದರು. ಕೆಲಸ ಶುರುವಾಗುವ ಮೊದಲೇ, ಎರಡನೇ ಮನವಿಯಲ್ಲಿ, ಕಲ್ಲು ಎಲ್ಲಿದೆ ಅಂತ ನಕ್ಷೆ ಬರೆದು ಕೊಟ್ಟಿದ್ದೆವು. ಯಾರೂ ತೆರೆದು ನೋಡಿಲ್ಲ.

ಅಳತೆ ಏನು ಹೇಳುತ್ತಿತ್ತು ಅಂತ ನಿಮಗೆ ಗೊತ್ತಾಗಲೇಬೇಕು. ಅಲೆ ಓರೆಯಾಗಿ ಬಂದು ಮರಳನ್ನು ಮೇಲಕ್ಕೆ ತಳ್ಳುತ್ತದೆ, ನೀರು ನೇರ ಕೆಳಗೆ ಇಳಿಯುತ್ತದೆ. ಹೀಗೆ ಮರಳು ದಡದ ಉದ್ದಕ್ಕೂ ಸಾಗುತ್ತಾ ಇರುತ್ತದೆ. ದಡದಿಂದ ಕಡಲಿನೊಳಕ್ಕೆ ನೀವು ಹಾಕಿದ ಕಲ್ಲಿನ ಅಡ್ಡದಂಡೆ ಆ ಮರಳನ್ನು ಒಂದು ಕಡೆ ಹಿಡಿದುಕೊಂಡಿದೆ. ಇನ್ನೊಂದು ಕಡೆಗೆ ಮರಳು ಬರುವುದೇ ಇಲ್ಲ. ಆ ಕಡೆ ಮೊದಲು ಟೇಪನ್ನು ಎರಡು ಸಲ ಬಿಡಿಸಬೇಕಿತ್ತು. ಈಗ ಒಂದು ಸಲಕ್ಕೇ ನೀರು ಸಿಗುತ್ತದೆ. ನಮ್ಮ ಮನೆಗಳಿರುವುದು ಆ ಕಡೆಯಲ್ಲೇ. ಇದು ಯಾರಿಗೂ ಗೊತ್ತಿಲ್ಲದ ವಿಷಯ ಅಲ್ಲ. ಚೆನ್ನೈ ಬಂದರು ಕಟ್ಟಿದ ಮೇಲೆ ದಕ್ಷಿಣದ ಮರೀನಾ ಅಗಲವಾಯಿತು, ಉತ್ತರದ ರಾಯಪುರಂ ಕಡೆ ಕಡಲು ಕೊರೆಯಿತು. ಇಂಗ್ಲೆಂಡಿನ ಮ್ಯಾಪಲ್ಟನ್ ಊರಿನಲ್ಲಿ 1991ರಲ್ಲಿ ಎರಡು ಕಲ್ಲಿನ ದಂಡೆ ಹಾಕಿದರು, ಊರು ಉಳಿಯಿತು, ಅದರ ದಕ್ಷಿಣಕ್ಕೆ ಕೊರೆತ ಜಾಸ್ತಿಯಾಯಿತು. ಮಕ್ಕಳು ತರಗತಿಯಲ್ಲಿ ಓದುವ ಪಾಠ ಇದು. ಅಡ್ಡದಂಡೆ ಹಾಕುವ ಮೊದಲು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಇದನ್ನು ಯೋಚಿಸಬೇಕಿತ್ತು, ಅಲ್ವಾ?

ಮೊದಲ ಮನವಿಗೆ ಬೇರೆ ವಿಭಾಗಕ್ಕೆ ಹೋಗಿ ಅಂದಿರಿ. ಅವರು ಮೆಟ್ಟಿಲು ನಮ್ಮದು, ಮರಳು ನಮ್ಮದಲ್ಲ ಅಂದರು. ಮೂರನೆಯದು ಕಡತದಲ್ಲೇ ಇಲ್ಲ ಅಂತ ನಿಮ್ಮ ಕಚೇರಿಯವರು ಅಂದರು, ಮುದ್ರೆ ತೋರಿಸಿದ ಮೇಲೆ ಸುಮ್ಮನಾದರು. ನಾಲ್ಕನೆಯದಾದ ಮೇಲೆ ಎಂಜಿನಿಯರ್ ಬಂದರು. ಉಬ್ಬರದ ಹೊತ್ತಿಗೆ ಬಂದರು. ಮರಳೆಲ್ಲ ನೀರಿನಡಿ ಇತ್ತು. ಗಾಡಿಯಿಂದ ಇಳಿಯಲಿಲ್ಲ. ಐದನೆಯದಕ್ಕೆ ನೀವೇ ಸಭೆಗೆ ಕರೆದಿರಿ. ಮಕ್ಕಳು ನಕ್ಷೆ, ಗ್ರಾಫ್ ಹಿಡಿದು ಎರಡು ಗಂಟೆ ಪಡಸಾಲೆಯಲ್ಲಿ ನಿಂತರು. ಸಭೆ ಇಲ್ಲ ಅಂತ ಹೇಳಲು ಕೊನೆಗೆ ಜವಾನರು ಬಂದರು. ಗ್ರಾಫ್ ಸುತ್ತುತ್ತಾ ಒಬ್ಬಳು ಹುಡುಗಿ "ಇವರು ನೋಡೋದೇ ಇಲ್ವಾ?" ಅಂತ ಕೇಳಿದಳು. ಆ ಮಗುವಿಗೆ ಏನು ಹೇಳಬೇಕು, ನೀವೇ ತಿಳಿಸಿ.

ಇದೊಂದೇ ಅಲ್ಲ. ಮೆಟ್ಟಿಲಿನ ಕೆಳಗಿನ ಭಾಗ ಕುಸಿದಿದೆ, ಮಕ್ಕಳನ್ನು ಕೈಹಿಡಿದು ಇಳಿಸಬೇಕು. ಕಸ ಎತ್ತುವ ಯಂತ್ರ ಕಸದ ಜೊತೆ ಮರಳನ್ನೂ ಬಾಚಿ ಒಯ್ಯುತ್ತಿದೆ. ದಿಬ್ಬದ ಮರಳನ್ನು ಹಿಡಿದಿಟ್ಟಿದ್ದ ಬಳ್ಳಿಗಳ ಮೇಲೆ ವಾಹನ ನಿಲ್ಲಿಸಲು ಬಿಟ್ಟಿದ್ದೀರಿ. ನೀರಿನ ಸೆಳೆತ ಇರುವ ಕಡೆ ಎಚ್ಚರಿಕೆ ಫಲಕ ಇಲ್ಲ. ಶೌಚಾಲಯಕ್ಕೆ ಬೀಗ. ಇಷ್ಟರ ಮೇಲೆ, ಮಕ್ಕಳು ಮರಳಿನ ಮೇಲೆ ಟೇಪು ಹಾಸಲು ಪ್ರತಿ ಸಲ ಅನುಮತಿ ಅರ್ಜಿ ಕೊಡಬೇಕು. ಅನುಮತಿ ಕೈಗೆ ಸಿಗುವಷ್ಟರಲ್ಲಿ ಇಳಿತದ ದಿನ ಕಳೆದಿರುತ್ತದೆ. ದಂಡೆಗೆ ಕಲ್ಲು ಸುರಿದ ಲಾರಿಗಳನ್ನು ಯಾರೂ ತಡೆದು ಕೇಳಿರಲಿಲ್ಲ.

ಈಗ ಕೊರೆತ ತಡೆಯಲು ಕಾಂಕ್ರೀಟ್ ಗೋಡೆ ಕಟ್ಟುತ್ತೀರಿ ಅಂತ ಕೇಳಿದ್ದೇವೆ. ನೇರ ಗೋಡೆಗೆ ಬಡಿದ ಅಲೆ ಹಿಂದಕ್ಕೆ ಚಿಮ್ಮಿ ಬುಡದ ಮರಳನ್ನೇ ತೋಡುತ್ತದೆ. ಅಳತೆಗಳನ್ನು ನೋಡದೆ ಒಂದು ಕಲ್ಲೂ ಇಡಬೇಡಿ.

ಒಂದು ವಿಷಯ ತುರ್ತು. ಹಳೆಯ ಗೋಡೆಯ ಎರಡು ಮೂಲೆಗಳಿಂದ ಗುರುತುಕಲ್ಲಿಗೆ ಎಷ್ಟು ದೂರ ಅಂತ ಮಕ್ಕಳು ಮೊದಲೇ ಬರೆದಿಟ್ಟಿದ್ದಾರೆ. ಆ ಮೂಲೆಗಳು ಇರುವವರೆಗೆ ಕಲ್ಲನ್ನು ಅದೇ ಜಾಗದಲ್ಲಿ ಮತ್ತೆ ನೆಡಬಹುದು. ಗೋಡೆಯನ್ನೂ ಒಡೆಯುತ್ತಾರೆ ಅಂತ ಕೆಲಸದವರು ಹೇಳುತ್ತಿದ್ದಾರೆ. ಒಡೆದರೆ ಇಷ್ಟು ವರ್ಷದ ಅಳತೆಯೆಲ್ಲ ವ್ಯರ್ಥ. ಅದಕ್ಕೂ ಮೊದಲು ಕಲ್ಲು ನೆಡಿಸಿ, ಮೆಟ್ಟಿಲು ಸರಿಮಾಡಿಸಿ, ಅನುಮತಿಯನ್ನು ಇಡೀ ವರ್ಷಕ್ಕೆ ಒಮ್ಮೆಲೇ ಕೊಡಿ. ಅಳತೆ ಪುಸ್ತಕದ ಪ್ರತಿ ಇದರ ಜೊತೆ ಮತ್ತೆ ಇಟ್ಟಿದ್ದೇವೆ.

ಮುಂದಿನ ಅಳತೆಯ ದಿನ ನಿಮ್ಮ ಎಂಜಿನಿಯರನ್ನು ಕಳಿಸಿ. ಇಳಿತದ ಹೊತ್ತಿಗೆ ಬರಲಿ, ಕೆಳಗೆ ಇಳಿಯಲಿ, ಒಂದು ಕೋಲು ಅವರೂ ಹಿಡಿಯಲಿ.

ಇಂತಿ,
ಕಡಲತೀರದ ನಿವಾಸಿಗಳು ಮತ್ತು ಪೋಷಕರು
(ಸಹಿಗಳು ಲಗತ್ತಿಸಿವೆ)